ಬಾತುಕೋಳಿಗೆ ದಾರಿ ಬಿಟ್ಟ ಬಡಗಿ

ಚಂದ್ರಗಿರಿ ಹೊಳೆಯ ನಾಡಿನವರಾದ ನಮಗೆ ದೋಣಿಯೂ ಹುಟ್ಟೂ ಹೊಸತಲ್ಲ. ಒಬ್ಬರೇ ಎರಡು ಹುಟ್ಟು ಹಾಕುವ ದೋಣಿಸ್ಪರ್ಧೆಯಲ್ಲಿ ಜಗತ್ತನ್ನೇ ಗೆದ್ದ ಬಾಬಿ ಪಿಯರ್ಸ್ ಅವರನ್ನು ನಮ್ಮ ಮಕ್ಕಳು ಅರಿಯಬೇಕು.

1905ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಜನಿಸಿದ ಅವರು ವೃತ್ತಿಯಿಂದ ಬಡಗಿ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನ ಸ್ಪರ್ಧೆಯೊಂದರ ನಡುವೆ ಬಾತುಕೋಳಿಯ ಸಂಸಾರ ಅಡ್ಡಬಂದಾಗ ಹುಟ್ಟು ನಿಲ್ಲಿಸಿ ದಾರಿ ಬಿಟ್ಟರು; ಆದರೂ ಗೆದ್ದರು, ಕೊನೆಗೆ ಚಿನ್ನವನ್ನೂ ಪಡೆದರು. ಅದೇ ವರ್ಷ ಇಂಗ್ಲೆಂಡಿನ ಹೆನ್ಲಿ ಸ್ಪರ್ಧೆಯು ಕೈಗೆಲಸದವರೆಂಬ ಕಾರಣಕ್ಕೆ ಅವರಿಗೆ ಪ್ರವೇಶ ನಿರಾಕರಿಸಿತ್ತು. ಕೆನಡಾದಲ್ಲಿ ಮಾರಾಟಗಾರರಾದ ಬಳಿಕ, 1931ರಲ್ಲಿ, ಅಲ್ಲಿಯೂ ಗೆದ್ದರು. ತೋಳು ಅದೇ, ಬದಲಾದುದು ಕಸುಬಿನ ಹೆಸರು ಮಾತ್ರ. 1932ರಲ್ಲಿ ಮತ್ತೆ ಒಲಿಂಪಿಕ್ ಚಿನ್ನ ಗಳಿಸಿದ ಅವರು 1976ರಲ್ಲಿ ತೀರಿಕೊಂಡರು.

ದುಡಿಯುವವರ ಮಕ್ಕಳಿಂದಲೇ ನೂರು ವರ್ಷ ಬೆಳೆದ ಈ ಶಾಲೆಯಲ್ಲಿ, ಹೆತ್ತವರ ಕಸುಬು ಕೇಳಿ ಯಾವ ಮಗುವನ್ನೂ ನಾವು ಅಳೆಯದಿರೋಣ.