ಹಾದಿಬದಿಯ ಹೂಗಳ ಕವಿ ಜಾನ್ ಕ್ಲೇರ್

ಇಂಗ್ಲೆಂಡಿನ ಹಳ್ಳಿಗಾಡಿಗೆ ವಸಂತವು ಕಾಲಿಡುವುದು ಓಣಿಗಳ ದಾರಿಯಿಂದಲೇ. ಫೆಬ್ರವರಿಯ ಕೊನೆಯಲ್ಲಿ, ಚಳಿ ಇನ್ನೂ ಬಿಟ್ಟಿರದ ಹೊತ್ತಿಗೆ, ಬೇಲಿಯ ಬುಡದಲ್ಲಿ ಸೆಲಂಡೈನ್ ಎಂಬ ಹೊಳಪಿನ ಹಳದಿ ಹೂ ಕಣ್ಣು ತೆರೆಯುತ್ತದೆ. ಅದರ ಬೆನ್ನಿಗೇ ನೇರಿಳೆ ಬಣ್ಣದ ವಯೊಲೆಟ್, ತಿಳಿಹಳದಿಯ ಪ್ರಿಮ್‌ರೋಸ್ ಬರುತ್ತವೆ. ಏಪ್ರಿಲ್ ತಿಂಗಳಲ್ಲಿ ಹುಲ್ಲಿನ ನಡುವೆ ಕೌಸ್ಲಿಪ್ ಗೊಂಚಲುಗಳು ತಲೆದೂಗುತ್ತವೆ. ಮೇ ತಿಂಗಳಿಗೆ ಬೇಲಿಯ ಹಾಥಾರ್ನ್ ಗಿಡಗಳು ಬಿಳಿ ಹೂವಿನಿಂದ ತುಂಬಿಹೋಗುತ್ತವೆ. ಈ ಹೂಗಳನ್ನು ಹಾಡಿದ ಕವಿಗಳು ಆಂಗ್ಲ ಸಾಹಿತ್ಯದಲ್ಲಿ ಅನೇಕರಿದ್ದಾರೆ. ಆದರೆ ಅವುಗಳ ನಡುವೆಯೇ ಕೂಲಿ ಮಾಡಿ, ಅವುಗಳ ಮನೆಮಾತಿನ ಹೆಸರುಗಳನ್ನು ಕಾವ್ಯಕ್ಕೆ ತಂದು, ಅವು ಕಣ್ಣೆದುರೇ ಕಣ್ಮರೆಯಾದಾಗ ತನ್ನ ಮನಸ್ಸಿನ ನೆಲೆಯನ್ನೂ ಕಳೆದುಕೊಂಡವನು ಜಾನ್ ಕ್ಲೇರ್.

ಕ್ಲೇರ್ ಹುಟ್ಟಿದ್ದು 1793ರ ಜುಲೈ 13ರಂದು, ನಾರ್ಥಾಂಪ್ಟನ್‌ಶೈರಿಗೆ ಸೇರಿದ್ದ ಹೆಲ್ಪ್‌ಸ್ಟನ್ ಎಂಬ ಹಳ್ಳಿಯಲ್ಲಿ. ಜೊತೆಯಲ್ಲಿ ಹುಟ್ಟಿದ ಅವಳಿ ಸೋದರಿ ಶೈಶವದಲ್ಲೇ ತೀರಿಕೊಂಡಳು. ತಂದೆ ಪಾರ್ಕರ್ ಕ್ಲೇರ್ ಕಣದಲ್ಲಿ ತೆನೆ ಬಡಿಯುವ ಕೂಲಿಕಾರ. ಜನಪದ ಲಾವಣಿಗಳನ್ನು ಸೊಗಸಾಗಿ ಹಾಡಬಲ್ಲವನೆಂದು ಊರಿನಲ್ಲಿ ಅವನಿಗೆ ಹೆಸರಿತ್ತು. ತಾಯಿ ಆ್ಯನ್‌ಗೆ ಓದುಬರಹ ತಿಳಿಯದು. ಆದರೂ ಮಗನಿಗೆ ನಾಲ್ಕಕ್ಷರ ಕಲಿಸಬೇಕೆಂಬ ಹಂಬಲ ಆಕೆಗೆ ಬಲವಾಗಿತ್ತು. ವರ್ಷದಲ್ಲಿ ಕೆಲವೇ ತಿಂಗಳು ಶಾಲೆ, ಉಳಿದ ಕಾಲವೆಲ್ಲ ಹೊಲದ ದುಡಿಮೆ. ಪಕ್ಕದ ಗ್ಲಿಂಟನ್ ಗ್ರಾಮದ ಶಾಲೆಯಲ್ಲಿ ಅನುಕೂಲಸ್ಥ ರೈತನೊಬ್ಬನ ಮಗಳಾದ ಮೇರಿ ಜಾಯ್ಸ್ ಅವನಿಗೆ ಪರಿಚಿತಳಾದಳು. ಆ ಎಳೆಯ ಪ್ರೀತಿ ಕೈಗೂಡಲಿಲ್ಲ. ಆದರೆ ಅವನ ಮನಸ್ಸಿನಿಂದ ಎಂದಿಗೂ ಅಳಿಯಲೂ ಇಲ್ಲ.

ಬಾಲ್ಯದ ಒಂದು ಘಟನೆಯನ್ನು ಕ್ಲೇರ್ ತನ್ನ ಆತ್ಮವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಒಂದು ದಿನ ಪುಟ್ಟ ಬಾಲಕ ಲೋಕದ ಅಂಚನ್ನು ನೋಡಿಬರಬೇಕೆಂದು ಒಬ್ಬನೇ ಊರಾಚೆಯ ಬಯಲಿನತ್ತ ಹೊರಟ. ನಡೆಯುತ್ತ ನಡೆಯುತ್ತ ತನಗೆ ತಿಳಿದ ನೆಲವನ್ನು ದಾಟಿಬಿಟ್ಟ. ಅಲ್ಲಿನ ಕಾಡುಹೂಗಳು, ಹಕ್ಕಿಗಳು ತನ್ನ ಗುರುತನ್ನೇ ಮರೆತಿರುವಂತೆ ಅವನಿಗೆ ಭಾಸವಾಯಿತು. ಊರಿನ ಹೂಗಳನ್ನು ತಾನು ಬಲ್ಲೆ ಎನ್ನುವುದು ಎಲ್ಲರ ಅನುಭವ; ಹೂಗಳೂ ತನ್ನನ್ನು ಬಲ್ಲವು ಎನ್ನುವುದು ಕ್ಲೇರನ ಅನುಭವ. ಅವನ ಕಾವ್ಯದ ಬೇರೂ ಮುಂದಿನ ಬದುಕಿನ ದುರಂತದ ಬೇರೂ ಇಲ್ಲಿಯೇ ಇದೆ.

ಹದಿಮೂರರ ಆಸುಪಾಸಿನಲ್ಲಿ ಅವನಿಗೆ ಜೇಮ್ಸ್ ಥಾಮ್ಸನ್ ಕವಿಯ ಋತುವರ್ಣನೆಯ ಕಾವ್ಯದ ಹರಿದ ಪ್ರತಿಯೊಂದು ನೋಡಸಿಕ್ಕಿತು. ಸ್ವಂತದ ಪ್ರತಿ ಬೇಕೆಂದು ಹಣ ಹೊಂದಿಸಿ, ಸ್ಟ್ಯಾಮ್‌ಫರ್ಡ್ ಪೇಟೆಗೆ ನಡೆದುಹೋಗಿ ಪುಸ್ತಕವನ್ನು ಕೊಂಡು ತಂದ. ಮರಳುವಾಗ ದಾರಿಯಲ್ಲಿ ಓದಿದರೆ ಜನ ನಕ್ಕಾರೆಂಬ ಸಂಕೋಚದಿಂದ ಬರ್ಲಿ ಅರಮನೆಯ ಉದ್ಯಾನದ ಗೋಡೆ ಹಾರಿ, ಮರೆಯಲ್ಲಿ ಕುಳಿತು ಓದಿದ. ಅಂದಿನಿಂದಲೇ ಪದ್ಯ ಕಟ್ಟುವ ಗೀಳು ಹತ್ತಿತು. ಹೊಲದಲ್ಲಿ ಕೆಲಸದ ನಡುವೆ ಟೋಪಿಯನ್ನೇ ಮೇಜಾಗಿಸಿಕೊಂಡು ಚೂರು ಕಾಗದದ ಮೇಲೆ ಗೀಚುತ್ತಿದ್ದ. ಬರೆದದ್ದನ್ನು ಮನೆಯ ಗೋಡೆಯ ಬಿರುಕಿನಲ್ಲಿ ಬಚ್ಚಿಡುತ್ತಿದ್ದ. ಅದರ ಬೆಲೆಯರಿಯದ ತಾಯಿ ಆ ಕಾಗದಗಳನ್ನು ಒಲೆ ಹೊತ್ತಿಸಲು ಬಳಸಿದ್ದೂ ಉಂಟು. ಸ್ವಂತ ಪದ್ಯಗಳನ್ನು ಬೇರೆಯವರದೆಂದು ಹೇಳಿ ತಂದೆತಾಯಿಗಳಿಗೆ ಓದಿ ತೋರಿಸಿ, ಅವರ ಅಭಿಪ್ರಾಯವನ್ನು ಗಮನಿಸಿ ತಿದ್ದಿಕೊಳ್ಳುತ್ತಿದ್ದ.

ಈ ಕಾಲದಲ್ಲಿಯೇ ಹೆಲ್ಪ್‌ಸ್ಟನ್ನಿನ ನೆಲಕ್ಕೆ ದೊಡ್ಡ ಪಲ್ಲಟವೊಂದು ಒದಗಿತು. ಶತಮಾನಗಳಿಂದ ಆ ಹಳ್ಳಿಯ ಸುತ್ತ ಬೇಲಿಯಿಲ್ಲದ ವಿಶಾಲ ಹೊಲಗಳಿದ್ದವು. ಅವುಗಳಾಚೆ ನಮ್ಮ ಗೋಮಾಳಗಳನ್ನು ಹೋಲುವ ಹುಲ್ಲುಗಾವಲು, ಪೊದೆಬಯಲುಗಳಿದ್ದವು. ಅಲ್ಲಿ ಬಡವನ ಹಸು ಮೇಯಬಹುದಿತ್ತು, ಸೌದೆ ಆಯಬಹುದಿತ್ತು, ಮಕ್ಕಳು ಎತ್ತ ಬೇಕಾದರೂ ಅಲೆಯಬಹುದಿತ್ತು. 1809ರಲ್ಲಿ ಬ್ರಿಟಿಷ್ ಸಂಸತ್ತು ಹೆಲ್ಪ್‌ಸ್ಟನ್ ಮತ್ತು ನೆರೆಯ ಗ್ರಾಮಗಳಿಗೆ ಸಂಬಂಧಿಸಿದ ಎನ್‌ಕ್ಲೋಷರ್ ಕಾಯ್ದೆಯನ್ನು ಅಂಗೀಕರಿಸಿತು. ಸಾಮೂಹಿಕ ಹಕ್ಕಿನ ನೆಲವನ್ನು ಅಳೆದು, ಬೇಲಿ ಹಾಕಿ, ಒಡೆಯರಿಗೆ ಹಂಚುವುದು ಆ ಕಾಯ್ದೆಯ ಉದ್ದೇಶವಾಗಿತ್ತು. ಹಂಚಿಕೆಯ ಅಂತಿಮ ಆದೇಶ 1820ರಲ್ಲಿ ಹೊರಬಿತ್ತು.

ಈ ಹತ್ತು ಹನ್ನೊಂದು ವರ್ಷಗಳಲ್ಲಿ ಊರಿನ ಚಹರೆಯೇ ಬದಲಾಯಿತು. ಹಳೆಯ ಮರಗಳು ಉರುಳಿದವು. ತೊರೆಗಳ ಬಾಗುಬಳುಕುಗಳನ್ನು ನೇರಗೊಳಿಸಲಾಯಿತು. ಹುಲ್ಲುಗಾವಲುಗಳು ನೇಗಿಲಿಗೆ ಸಿಕ್ಕವು. ಅಂಕುಡೊಂಕಾದ ಕಾಲುದಾರಿಗಳು ಮುಚ್ಚಿಹೋಗಿ, ಅಳತೆಗೋಲಿನಂತೆ ನೇರವಾದ ರಸ್ತೆಗಳು ಬಂದವು. ನಿನ್ನೆಯವರೆಗೆ ಎಲ್ಲರೂ ನಡೆಯುತ್ತಿದ್ದ ದಾರಿಗಳಲ್ಲಿ ಪ್ರವೇಶ ನಿಷೇಧದ ಹಲಗೆಗಳು ನಿಂತವು. ಕೌಸ್ಲಿಪ್ ಹಾಗೂ ಆರ್ಕಿಡ್‌ಗಳು ತಾನೇ ತಾನಾಗಿ ಅರಳುತ್ತಿದ್ದ ಉಳದ ನೆಲ ವರ್ಷದಿಂದ ವರ್ಷಕ್ಕೆ ಕಿರಿದಾಯಿತು.

ಇದರಲ್ಲಿ ಮನ ಕಲಕುವ ಸಂಗತಿಯೊಂದಿದೆ. ಹೊಟ್ಟೆಪಾಡಿಗಾಗಿ ಕ್ಲೇರ್ ತೋಟದ ಆಳಾಗಿ, ಸುಣ್ಣದ ಭಟ್ಟಿಯ ಕೂಲಿಯಾಗಿ ಅಲ್ಪಕಾಲ ಸೈನ್ಯದ ಮೀಸಲು ಪಡೆಯಲ್ಲಿಯೂ ದುಡಿದಿದ್ದ. ಹಾಗೆಯೇ ಬೇಲಿ ನೆಡುವ ತಂಡದಲ್ಲಿಯೂ ದುಡಿಯಬೇಕಾಯಿತು. ತನ್ನ ಬಾಲ್ಯದ ಬಯಲನ್ನು ಮುಚ್ಚುವ ಹಾಥಾರ್ನ್ ಸಸಿಗಳನ್ನು ತನ್ನ ಕೈಯಿಂದಲೇ ನೆಡುವ ಪಾಡು ಅವನದಾಯಿತು. ದೂರದಲ್ಲಿ ನಿಂತು ಮರುಗಿದವರ ಮಾತಿಗೂ ಕೈಗೆ ಮುಳ್ಳು ಚುಚ್ಚಿಸಿಕೊಂಡವನ ಮಾತಿಗೂ ಇರುವ ಅಂತರ ಅವನ ಪದ್ಯಗಳಲ್ಲಿ ಕಾಣುತ್ತದೆ. ಊರ ಬಳಿಯ ಸ್ವಾರ್ಡಿ ವೆಲ್ ಎಂಬ ಹಳೆಯ ಕಲ್ಲುಗಣಿಯ ಬಯಲನ್ನು ಕುರಿತ ಪದ್ಯದಲ್ಲಿ ಅವನು ಆ ನೆಲಕ್ಕೇ ಬಾಯಿ ಕೊಟ್ಟಿದ್ದಾನೆ. ಬಡವನಂತೆ ಊರಿನವರ ದಯೆಗೆ ಬಿದ್ದ ನೆಲ ಅಲ್ಲಿ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ.

ತಂದೆತಾಯಿಗಳನ್ನು ಮನೆಯಿಂದ ಹೊರಹಾಕುವ ಪರಿಸ್ಥಿತಿ ಎದುರಾದಾಗ, ಪದ್ಯ ಪ್ರಕಟಿಸಿ ನಾಲ್ಕು ಕಾಸು ಗಳಿಸುವ ಯತ್ನಕ್ಕೆ ಕ್ಲೇರ್ ಕೈಹಾಕಿದ. ಸ್ಟ್ಯಾಮ್‌ಫರ್ಡಿನ ಪುಸ್ತಕ ವ್ಯಾಪಾರಿ ಎಡ್ವರ್ಡ್ ಡ್ರೂರಿಯ ಮೂಲಕ ಹಸ್ತಪ್ರತಿಗಳು ಲಂಡನ್ನಿನ ಪ್ರಕಾಶಕ ಜಾನ್ ಟೇಲರನ ಕೈ ಸೇರಿದವು. ಕೀಟ್ಸ್ ಕವಿಯ ಪ್ರಕಾಶಕನೂ ಈತನೇ. 1820ರ ಜನವರಿಯಲ್ಲಿ ಹೊರಬಂದ ಮೊದಲ ಸಂಕಲನ ಅಪೂರ್ವ ಜನಪ್ರಿಯತೆ ಗಳಿಸಿ ಬೇಗಬೇಗನೆ ಮರುಮುದ್ರಣ ಕಂಡಿತು. ಅದೇ ವರ್ಷದ ಮಾರ್ಚಿನಲ್ಲಿ ಅವನು ಪ್ಯಾಟಿ ಎಂದು ಕರೆಯುತ್ತಿದ್ದ ಮಾರ್ಥಾ ಟರ್ನರ್‌ಳನ್ನು ಮದುವೆಯಾದ. ಲಂಡನ್ನಿನ ಸಾಹಿತ್ಯ ಕೂಟಗಳು ಈ ರೈತಕೂಲಿ ಕವಿಯನ್ನು ಕುತೂಹಲದಿಂದ ಬರಮಾಡಿಕೊಂಡವು. ಲ್ಯಾಂಬ್, ಹ್ಯಾಜ್ಲಿಟ್, ಡಿ ಕ್ವಿನ್ಸಿ ಮೊದಲಾದವರ ಪರಿಚಯವಾಯಿತು. ಕೆಲವು ಶ್ರೀಮಂತರು ವರ್ಷಾಶನವನ್ನೂ ಗೊತ್ತುಮಾಡಿದರು. ಆದರೆ ಹೆಂಡತಿ, ಮಕ್ಕಳು, ವೃದ್ಧ ತಂದೆತಾಯಿಗಳಿದ್ದ ಸಂಸಾರಕ್ಕೆ ಅದು ಸಾಲುತ್ತಿರಲಿಲ್ಲ.

ಹೂಗಳನ್ನು ಕುರಿತ ಕ್ಲೇರನ ತಿಳಿವಳಿಕೆ ಕೇವಲ ಭಾವುಕತೆಯದಲ್ಲ. ಮಿಲ್ಟನ್ ಹಾಲ್ ಎಂಬ ಜಮೀನುದಾರರ ಬಂಗಲೆಯಲ್ಲಿ ತೋಟದ ಮೇಲ್ವಿಚಾರಕನಾಗಿದ್ದ ಜೋಸೆಫ್ ಹೆಂಡರ್ಸನ್ ಸಸ್ಯಗಳನ್ನು ಬಲ್ಲವನು. ಅಲ್ಲಿಯೇ ಉದ್ಯೋಗದಲ್ಲಿದ್ದ ಎಡ್ಮಂಡ್ ಆರ್ಟಿಸ್ ಪುರಾತತ್ವಾಸಕ್ತ. ಈ ಇಬ್ಬರೊಡನೆ ಕ್ಲೇರ್ ಆರ್ಕಿಡ್‌ಗಳನ್ನು, ಜರೀಗಿಡಗಳನ್ನು ಹುಡುಕುತ್ತ ಕಾಡುಮೇಡು ತಿರುಗಿದ. 1824ರ ಸೆಪ್ಟೆಂಬರಿನಿಂದ ಒಂದು ವರ್ಷ ಕಾಲ ಬರೆದ ದಿನಚರಿಯಲ್ಲಿ ಯಾವ ಹೂ ಎಂದು ಮೊದಲು ಕಂಡಿತು, ಯಾವ ಹಕ್ಕಿಯ ದನಿ ಎಂದು ಕೇಳಿತು ಎಂಬ ವಿವರಗಳನ್ನು ಗುರುತು ಹಾಕಿಕೊಂಡ. ಊರಿನ ಪ್ರಕೃತಿಯ ಬಗ್ಗೆ ಪತ್ರರೂಪದ ಗ್ರಂಥವೊಂದನ್ನು ಬರೆಯಲು ತೊಡಗಿದನಾದರೂ ಅದು ಪೂರ್ಣಗೊಳ್ಳಲಿಲ್ಲ. ಮುಂದೆ 20ನೆಯ ಶತಮಾನದಲ್ಲಿ ಆ ಪ್ರಾಂತ್ಯದ ಸಸ್ಯಸಂಪತ್ತಿನ ಬಗ್ಗೆ ಬರೆದ ಸಸ್ಯವಿಜ್ಞಾನಿ ಜಾರ್ಜ್ ಕ್ಲಾರಿಡ್ಜ್ ಡ್ರೂಸ್, ಅಲ್ಲಿನ ಹಲವು ಸಸ್ಯಗಳನ್ನು ಮೊದಲು ದಾಖಲಿಸಿದವನು ಕ್ಲೇರನೆಂದು ಗುರುತಿಸಿದ್ದಾನೆ.

ಲಿನೇಯಸ್ ರೂಪಿಸಿದ ಲ್ಯಾಟಿನ್ ಹೆಸರುಗಳ ಪದ್ಧತಿ ಕ್ಲೇರನಿಗೆ ಒಗ್ಗಲಿಲ್ಲ. ಕೆಂಪು ಗಸಗಸೆ ಹೂವಿಗೆ ಅವನ ಊರಿನಲ್ಲಿ ತಲೆನೋವು ಎಂಬ ಹೆಸರು. ನೇರಿಳೆಗೆಂಪಿನ ವಸಂತ ಆರ್ಕಿಡ್‌ಗೆ ಕೋಗಿಲೆಯ ಹೆಸರು. ಬೇರೆ ಪ್ರಾಂತ್ಯದವರು ಕೋಗಿಲೆ ಹೂವೆಂದು ಕರೆಯುವುದು ಬೇರೊಂದು ಗಿಡವನ್ನು. ಈ ವ್ಯತ್ಯಾಸವನ್ನು ಅವನು ತನ್ನ ಬರಹದಲ್ಲಿ ಎಚ್ಚರದಿಂದ ವಿವರಿಸಿದ್ದಾನೆ. ಇಂಥ ನಾಡನುಡಿಗಳನ್ನು ಉಳಿಸಿಕೊಳ್ಳಲು ಅವನು ಪ್ರಕಾಶಕನೊಡನೆ ಹೆಣಗಬೇಕಾಯಿತು. ಟೇಲರ್ ಗ್ರಾಮ್ಯ ಪದಗಳನ್ನು ತಿದ್ದಿದ, ವಿರಾಮಚಿಹ್ನೆಗಳನ್ನು ಹಾಕಿದ, ಉದ್ದವೆನಿಸಿದ್ದನ್ನು ಕತ್ತರಿಸಿದ. ಉಳ್ಳವರನ್ನು ಟೀಕಿಸುವ ಸಾಲುಗಳು ಪೋಷಕರ ಒತ್ತಾಯದಿಂದ ಮರುಮುದ್ರಣಗಳಲ್ಲಿ ಬಿದ್ದುಹೋದವು. ಊರಿನ ಬಯಲಿಗೆ ಬೇಲಿ ಬಿದ್ದಂತೆ ಕವಿಯ ಮಾತಿಗೂ ಬೇಲಿ ಬಿತ್ತು.

1827ರಲ್ಲಿ ಪ್ರಕಟವಾದ, ಹನ್ನೆರಡು ಮಾಸಗಳ ಗ್ರಾಮಜೀವನವನ್ನು ವರ್ಣಿಸುವ ಕುರಿಗಾಹಿಯ ಪಂಚಾಂಗವೆಂಬ ಕೃತಿ ಇಂದು ಅವನ ಶ್ರೇಷ್ಠ ರಚನೆಗಳಲ್ಲಿ ಒಂದೆನಿಸಿದೆ. ಆದರೆ ಅಂದು ಅದನ್ನು ಕೊಂಡವರು ವಿರಳ. ರೈತಕವಿಯ ಹೊಸತನ ಹಳಸಿತ್ತು. ಸಾಲ, ಅನಾರೋಗ್ಯ, ಖಿನ್ನತೆ ಒಟ್ಟಿಗೆ ಬಂದೆರಗಿದವು. 1832ರಲ್ಲಿ ಹಿತೈಷಿಗಳು ನಾರ್ಥ್‌ಬರೋ ಎಂಬಲ್ಲಿ ದೊಡ್ಡ ಮನೆಯನ್ನೂ ತುಸು ಜಮೀನನ್ನೂ ಒದಗಿಸಿದರು. ಹೆಲ್ಪ್‌ಸ್ಟನ್ನಿನಿಂದ ಅದು ಕೇವಲ ಮೂರು ಮೈಲಿ. ಲೋಕದ ಕಣ್ಣಿಗೆ ಅದು ಅನುಕೂಲದ ಬದಲಾವಣೆ. ಕ್ಲೇರನಿಗೆ ಮಾತ್ರ ಅದು ಗಡೀಪಾರು. ಅಲ್ಲಿ ಸೂರ್ಯನಿಗೂ ದಾರಿ ತಪ್ಪಿದೆಯೆಂದು ಅವನಿಗೆ ತೋರಿತು. ಬಾಲ್ಯದಲ್ಲಿ ಹೂಗಳು ಗುರುತು ಮರೆತ ಬಯಲಿನಲ್ಲಿ ಅವನಿಗಾದ ದಿಗಿಲು ಈಗ ದಿನನಿತ್ಯದ ಬದುಕಾಯಿತು. ಅಪರಿಚಿತ ನೆಲದಲ್ಲಿ ಹಳೆಯ ಊರಿನ ಕಳೆಗಿಡಗಳನ್ನು ಕಂಡಾಗ ಮಾತ್ರ ಬಂಧುಗಳನ್ನು ಕಂಡಂತೆ ಅವನ ಮನಸ್ಸು ಹಿಗ್ಗುತ್ತಿತ್ತು.

ಮನಸ್ಸಿನ ಸ್ಥಿತಿ ಹದಗೆಟ್ಟು, 1837ರ ಬೇಸಿಗೆಯಲ್ಲಿ ಅವನನ್ನು ಎಪ್ಪಿಂಗ್ ಕಾಡಿನ ಹೈ ಬೀಚ್ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ತಾನೇ ಬೈರನ್ ಕವಿಯೆಂದೂ ಮೇರಿ ಜಾಯ್ಸ್ ತನ್ನ ಮೊದಲ ಹೆಂಡತಿಯೆಂದೂ ಅವನು ಭ್ರಮಿಸತೊಡಗಿದ. 1841ರ ಜುಲೈ 20ರಂದು ಅಲ್ಲಿಂದ ತಪ್ಪಿಸಿಕೊಂಡು, ಮೇರಿಯನ್ನು ಕಾಣಲೆಂದು ಊರಿನತ್ತ ಕಾಲ್ನಡಿಗೆಯಲ್ಲಿ ಹೊರಟ. ಕೈಯಲ್ಲಿ ಕಾಸಿರಲಿಲ್ಲ. ಬೆಳಗ್ಗೆ ಎದ್ದಾಗ ದಿಕ್ಕು ತಪ್ಪಬಾರದೆಂದು ರಾತ್ರಿ ಉತ್ತರಕ್ಕೆ ತಲೆಯಿಟ್ಟು ಮಲಗಿದ. ಹಸಿವು ತಾಳಲಾರದೆ ಹಾದಿಬದಿಯ ಹುಲ್ಲನ್ನೇ ತಿಂದ. ನಾಲ್ಕು ದಿನಗಳಲ್ಲಿ ಸುಮಾರು 80 ಮೈಲಿ ಕ್ರಮಿಸಿ ಊರ ಸಮೀಪ ಬಂದಾಗ ಗಾಡಿಯಿಂದಿಳಿದು ಕೈಹಿಡಿದ ಹೆಂಗಸನ್ನು ಅವನು ಗುರುತಿಸಲಿಲ್ಲ. ಆಕೆ ಅವನ ಹೆಂಡತಿ ಪ್ಯಾಟಿ. ಮೇರಿ ಮೂರು ವರ್ಷಗಳ ಹಿಂದೆಯೇ, 1838ರಲ್ಲಿ, ಬೆಂಕಿ ಅವಘಡದಲ್ಲಿ ತೀರಿಕೊಂಡಿದ್ದಳು. ಹೇಳಿದರೂ ಕ್ಲೇರ್ ಅದನ್ನು ನಂಬಲಿಲ್ಲ.

ಅದೇ ಡಿಸೆಂಬರಿನಲ್ಲಿ ಅವನನ್ನು ನಾರ್ಥಾಂಪ್ಟನ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಕಾವ್ಯದ ಗೀಳನ್ನೂ ಅವನ ಕಾಯಿಲೆಯ ಹಿನ್ನೆಲೆಯಲ್ಲಿ ವೈದ್ಯರು ನಮೂದಿಸಿದರು. ಅಲ್ಲಿ ಅವನು ಇಪ್ಪತ್ತೆರಡು ವರ್ಷಗಳಿಗೂ ಮಿಕ್ಕಿ ಬಾಳಿದ. ಪೇಟೆಗೆ ಹೋಗಿಬರುವ ಅನುಮತಿ ದೊರೆತ ದಿನಗಳಲ್ಲಿ ಆಲ್ ಸೇಂಟ್ಸ್ ಚರ್ಚಿನ ಮುಂಗಟ್ಟೆಯಲ್ಲಿ ಕುಳಿತಿರುತ್ತಿದ್ದ. ಆಸ್ಪತ್ರೆಯ ಅಧಿಕಾರಿ ವಿಲಿಯಂ ನೈಟ್ ಅವನ ಪದ್ಯಗಳನ್ನು ಶ್ರದ್ಧೆಯಿಂದ ನಕಲು ಮಾಡಿ ಕಾಪಾಡಿದ್ದರಿಂದಲೇ ಆ ಕಾಲದ ರಚನೆಗಳು ನಮಗೆ ಉಳಿದಿವೆ. ಅವುಗಳಲ್ಲಿ ಪ್ರಿಮ್‌ರೋಸ್, ವಯೊಲೆಟ್, ಕೌಸ್ಲಿಪ್‌ಗಳು ಮತ್ತೆ ಮತ್ತೆ ಅರಳುತ್ತವೆ. ತನ್ನ ಗುರುತನ್ನೇ ಮರೆತವನು ಹೂಗಳ ಗುರುತನ್ನು ಮರೆಯಲಿಲ್ಲ. 1864ರ ಮೇ 20ರಂದು ಅವನು ಕೊನೆಯುಸಿರೆಳೆದ. ಅವನ ಇಚ್ಛೆಯಂತೆ ಹೆಲ್ಪ್‌ಸ್ಟನ್ನಿನ ಸೇಂಟ್ ಬೊಟಾಲ್ಫ್ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಲಾಯಿತು. ಓಣಿಗಳಲ್ಲಿ ಹಾಥಾರ್ನ್ ಹೂಬಿಡುವ ಮಾಸವದು.

ಬಹುಕಾಲ ಮರೆವಿಗೆ ಸಂದಿದ್ದ ಕ್ಲೇರನನ್ನು 20ನೆಯ ಶತಮಾನ ಪುನಃ ಕಂಡುಕೊಂಡಿತು. ಅವನು 1832ರಲ್ಲಿ ಸಿದ್ಧಪಡಿಸಿದ್ದ ದೊಡ್ಡ ಹಸ್ತಪ್ರತಿ ಪೂರ್ಣರೂಪದಲ್ಲಿ ಅಚ್ಚಾದದ್ದು 1979ರಲ್ಲಿ. 1989ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ ಅವನಿಗೆ ಸ್ಮಾರಕ ಫಲಕ ದೊರೆಯಿತು. ಅವನು ಬಾಳಿದ ಹೆಲ್ಪ್‌ಸ್ಟನ್ನಿನ ಮನೆಯನ್ನು 2005ರಲ್ಲಿ ಟ್ರಸ್ಟ್ ಒಂದು ಕೊಂಡು ಸಂರಕ್ಷಿಸಿತು. ಹುಲ್ಲಿನ ಹೆಂಟೆಯಲ್ಲಿ ಕಾಡುಹೂಗಳನ್ನು ಸಿಕ್ಕಿಸಿ ಮನೆಯನ್ನು ಸಿಂಗರಿಸುವ ಹಳೆಯ ಪದ್ಧತಿಯೊಂದನ್ನು ಅವನು ದಾಖಲಿಸಿದ್ದ. ಅದನ್ನೇ ಅನುಸರಿಸಿ ಊರಿನ ಶಾಲಾಮಕ್ಕಳು ಜುಲೈ ತಿಂಗಳಲ್ಲಿ ಅವನ ಹುಟ್ಟುಹಬ್ಬದ ಸುಮಾರಿಗೆ ಸಮಾಧಿಯ ಸುತ್ತ ಹೂವಿನ ಹೆಂಟೆಗಳನ್ನಿಡುವ ರೂಢಿ ಬೆಳೆದುಬಂದಿದೆ. ಅವನು ಬಾಯಿ ಕೊಟ್ಟ ಸ್ವಾರ್ಡಿ ವೆಲ್ ಕಸ ಸುರಿಯುವ ತಾಣವೂ ಆಗಿ ಕೊನೆಗೆ ಈ ಶತಮಾನದಲ್ಲಿ ಪ್ರಕೃತಿ ರಕ್ಷಣೆಯ ತಾಣವಾಗಿದೆ.

1930ರ ದಶಕದಿಂದ ಅರ್ಧ ಶತಮಾನದೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್ ತಮ್ಮ ಹೂವಿನ ಹುಲ್ಲುಗಾವಲುಗಳಲ್ಲಿ ಶೇ. 97ರಷ್ಟನ್ನು ಕಳೆದುಕೊಂಡವು. ಅಳಿದುಳಿದ ಎಷ್ಟೋ ಕಾಡುಹೂಗಳಿಗೆ ಇಂದು ಆಸರೆಯಾಗಿರುವುದು ರಸ್ತೆಯ ಅಂಚು, ಬೇಲಿಯ ಬುಡ. ಒಂದು ಕಾಲದಲ್ಲಿ ಹೂವಿನ ಬಯಲನ್ನು ಕಸಿದುಕೊಂಡ ಬೇಲಿಯೇ ಇಂದು ಹೂವಿನ ಕೊನೆಯ ಮನೆಯಾಗಿದೆ. ಅಂಥ ಬೇಲಿಗಳಲ್ಲಿ ಕೆಲವನ್ನು ಅಳುತ್ತಳುತ್ತ ನೆಟ್ಟ ಕೂಲಿಯವನೊಬ್ಬ, ಅವು ಬರುವ ಮುನ್ನ ಅಲ್ಲಿ ಏನೇನು ಅರಳುತ್ತಿತ್ತೆಂಬುದನ್ನು ಹೆಸರು ಹಿಡಿದು ಬರೆದಿಟ್ಟು ಹೋದ. ಏನನ್ನು ಕಳೆದುಕೊಂಡೆವೆಂದು ಆ ನಾಡಿನವರು ಇಂದು ಬಲ್ಲರಾದರೆ, ಅದರಲ್ಲಿ ಜಾನ್ ಕ್ಲೇರನ ಪಾಲು ಸಣ್ಣದಲ್ಲ.