ನೋವನ್ನೇ ಗುರುವಾಗಿಸಿಕೊಂಡ ಬೆಳ್ಳೂರಿನ ಅಯ್ಯಂಗಾರ್

ಬೆಳಗಿನ ಹೊತ್ತು ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲೋ ಲಾಲ್‌ಬಾಗಿನಲ್ಲೋ ಒಂದು ಸುತ್ತು ಹಾಕುವವರಿಗೆ ಮಂಡಿನೋವಿನ ಮಾತು ಕಿವಿಗೆ ಬೀಳದೇ ಇರದು. ಎಣ್ಣೆ, ಲೇಪ, ಪುತ್ತೂರು ಕಟ್ಟು, ಮಾತ್ರೆ, ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಹೀಗೆ ಉಪಾಯಗಳ ಪಟ್ಟಿ ಬೆಳೆಯುತ್ತಲೇ ಇದೆ. ಆ ಪಟ್ಟಿಗೆ ಈಚಿನ ವರ್ಷಗಳಲ್ಲಿ ಸೇರಿರುವ ಹೆಸರು ಸ್ಟೆಮ್ ಸೆಲ್, ಅಂದರೆ ಕಾಂಡಕೋಶ ಚಿಕಿತ್ಸೆ. ಸವೆದ ಕೀಲಿಗೆ ಒಂದು ಚುಚ್ಚುಮದ್ದು, ಮತ್ತೆ ಹಳೆಯ ನಡಿಗೆ ಎಂಬ ಆಸೆ ಯಾರನ್ನು ತಾನೇ ಸೆಳೆಯದು?

ಇದಕ್ಕೆ ಬಹಳ ಹಿಂದೆಯೇ, ಕೀಲು ಮತ್ತು ಸ್ನಾಯುಗಳ ನೋವಿಗೆ ಇನ್ನೊಂದು ದಾರಿ ಹುಡುಕಿದವರು ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಮನುಷ್ಯ. ಅವರ ದಾರಿ ನಿಧಾನದ್ದು, ಬೆವರಿನದ್ದು. ಅದನ್ನು ಅವರು ಮೊದಲು ಪ್ರಯೋಗಿಸಿದ್ದು ತಮ್ಮದೇ ಗಾಯಗೊಂಡ ದೇಹದ ಮೇಲೆ. ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ ಎಂಬುದು ಅವರ ಪೂರ್ಣ ಹೆಸರು. ಜಗತ್ತು ಬಲ್ಲದ್ದು ಬಿ.ಕೆ.ಎಸ್. ಅಯ್ಯಂಗಾರ್ ಎಂದು.

ರೋಗದ ಜೊತೆಯಲ್ಲೇ ಜನನ

ಅಯ್ಯಂಗಾರ್ ಹುಟ್ಟಿದ್ದು 1918ರ ಡಿಸೆಂಬರ್ 14ರಂದು, ಬೆಳ್ಳೂರಿನಲ್ಲಿ. ಇನ್‌ಫ್ಲುಯೆಂಜಾ ಮಹಾಮಾರಿ ಊರೂರನ್ನು ಬರಿದು ಮಾಡುತ್ತಿದ್ದ ವರ್ಷ ಅದು. ಗರ್ಭಿಣಿ ತಾಯಿ ಶೇಷಮ್ಮನವರಿಗೂ ಆ ಜ್ವರ ತಗುಲಿತ್ತು. ಹದಿಮೂರು ಮಕ್ಕಳಲ್ಲಿ ಹನ್ನೊಂದನೆಯವನಾಗಿ ಹುಟ್ಟಿದ ಕೂಸಿನ ಕೈಕಾಲು ಕಡ್ಡಿಯಂತಿದ್ದವು, ಹೊಟ್ಟೆ ಉಬ್ಬಿತ್ತು, ತಲೆಯ ಭಾರವನ್ನು ಕತ್ತು ತಾಳುತ್ತಿರಲಿಲ್ಲ. ಮಗು ಉಳಿದೀತೆಂಬ ಭರವಸೆ ಯಾರಿಗೂ ಇರಲಿಲ್ಲ.

ತಂದೆ ಕೃಷ್ಣಮಾಚಾರ್ ಶಾಲಾ ಉಪಾಧ್ಯಾಯರು. ಹುಡುಗನಿಗೆ ಐದು ವರ್ಷವಾದಾಗ ಕುಟುಂಬ ಬೆಂಗಳೂರಿಗೆ ಬಂದಿತು. ಒಂಬತ್ತನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಅಣ್ಣಂದಿರ ಆಶ್ರಯದಲ್ಲಿ ಕಳೆದ ಬೆಂಗಳೂರಿನ ಆ ವರ್ಷಗಳು ಕಾಯಿಲೆಗಳ ಸರಮಾಲೆ. ಮಲೇರಿಯಾ, ವಿಷಮಶೀತಜ್ವರ, ಕ್ಷಯ ಒಂದರ ಹಿಂದೆ ಒಂದು ಬಂದವು. ಆಟದ ಬಯಲಿಗೆ ಇಳಿಯುವ ತ್ರಾಣ ಹುಡುಗನಿಗಿರಲಿಲ್ಲ. ಮುಂದೆ ಲಕ್ಷಾಂತರ ಜನರ ಬೆನ್ನು, ಮಂಡಿ, ಹೆಗಲು ನೆಟ್ಟಗೆ ಮಾಡಿದವರ ಬಾಲ್ಯ ಹೀಗಿತ್ತು.

ಮೈಸೂರಿನ ಕಠಿಣ ಪಾಠ

1934ರಲ್ಲಿ ಬದುಕು ತಿರುವು ಪಡೆಯಿತು. ಅಕ್ಕ ನಾಮಗಿರಿಯ ಪತಿ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸುತ್ತಿದ್ದರು. ತಾವು ಪ್ರವಾಸ ಹೋಗುವಾಗ ಮನೆಯಲ್ಲಿ ಅಕ್ಕನ ಜೊತೆಗಿರಲೆಂದು ಅವರು ಭಾವಮೈದುನನನ್ನು ಕರೆಸಿಕೊಂಡರು. ಯೋಗ ಕಲಿಸುವ ಉತ್ಸಾಹವೇನೂ ಅವರಿಗೆ ಆಗ ಇರಲಿಲ್ಲ. ಈ ಬಿಗಿದ, ಸೊರಗಿದ ಮೈಗೆ ಯೋಗ ಒಗ್ಗದು ಎಂದೇ ಅವರ ಎಣಿಕೆ.

ಕೇಶವಮೂರ್ತಿ ಎಂಬ ನೆಚ್ಚಿನ ಶಿಷ್ಯ ಒಂದು ದಿನ ಮನೆ ಬಿಟ್ಟು ಹೋದಾಗ ಲೆಕ್ಕಾಚಾರ ತಲೆಕೆಳಗಾಯಿತು. ಸಾರ್ವಜನಿಕ ಪ್ರದರ್ಶನವೊಂದು ಹತ್ತಿರದಲ್ಲಿತ್ತು. ಕೆಲವೇ ದಿನಗಳ ಅವಸರದ ತಾಲೀಮಿನ ಬಳಿಕ ಹುಡುಗ ವೇದಿಕೆಗೆ ಏರಬೇಕಾಯಿತು. ಮೆಚ್ಚುಗೆ ದೊರೆತದ್ದು ನಿಜ, ಮೈಕೈ ನೋವು ಬಹುದಿನ ಕಾಡಿದ್ದೂ ನಿಜ.

ಇನ್ನೊಂದು ಪ್ರಸಂಗ ಇನ್ನೂ ಕಠೋರವಾದುದು. ಅತಿಥಿಗಳ ಮುಂದೆ ಹನುಮಾನಾಸನ ಮಾಡಿ ತೋರಿಸಲು ಗುರುಗಳ ಆಜ್ಞೆಯಾಯಿತು. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನೇರ ಚಾಚಿ ನೆಲಕ್ಕೆ ಕೂರುವ ಆಸನ ಅದು. ಹುಡುಗ ಅದನ್ನು ಕಲಿತೇ ಇರಲಿಲ್ಲ. ಚಡ್ಡಿ ಬಿಗಿಯೆಂದು ನೆಪ ಹೇಳಿದರೆ, ಕತ್ತರಿ ತರಿಸಿ ಅದರ ಅಂಚುಗಳನ್ನೇ ಕತ್ತರಿಸಲಾಯಿತು. ಆಜ್ಞೆ ಮೀರುವ ಧೈರ್ಯವಿಲ್ಲದೆ ಆಸನ ಮಾಡಿದ್ದಾಯಿತು. ತೊಡೆಯ ಹಿಂಭಾಗದ ಸ್ನಾಯುಗಳು ಹರಿದವು. ಬಹುಕಾಲ ಸರಿಯಾಗಿ ನಡೆಯಲಾಗಲಿಲ್ಲ.

ಗುರುವಿನ ಬಗೆಗಿನ ಗೌರವವನ್ನು ಅಯ್ಯಂಗಾರ್ ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಆದರೆ ಆ ಗಾಯ ಕಲಿಸಿದ ಪಾಠ ಅವರ ಇಡೀ ಬೋಧನೆಯ ಬುನಾದಿಯಾಯಿತು. ಸಿದ್ಧವಿಲ್ಲದ ಮೈಯನ್ನು ಆಸನಕ್ಕೆ ತಳ್ಳಬಾರದು, ಆಸನವನ್ನೇ ಮೈಯ ಬಳಿಗೆ ತರಬೇಕು ಎಂಬುದು ಆ ಪಾಠ.

ಪುಣೆಯಲ್ಲಿ ಹಸಿವು ಮತ್ತು ಸಾಧನೆ

ಕೃಷ್ಣಮಾಚಾರ್ಯರ ತಂಡದೊಡನೆ ಅವರು ಉತ್ತರ ಕರ್ನಾಟಕದ ಊರುಗಳನ್ನು ಸುತ್ತಿದರು. ಮಹಿಳೆಯರು ಯೋಗ ಕಲಿಯಲು ಮುಂದೆ ಬಂದಾಗ, ತಂಡದಲ್ಲಿ ಎಲ್ಲರಿಗಿಂತ ಕಿರಿಯನೆಂಬ ಕಾರಣಕ್ಕೆ ಬೋಧನೆಯ ಹೊಣೆ ಅವರ ಪಾಲಿಗೆ ಬಂತು. ಬೆಳಗಾವಿಯಲ್ಲಿ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಈ ತರುಣನನ್ನು ಗುರುತಿಸಿದರು. 1937ರಲ್ಲಿ ಆರು ತಿಂಗಳ ಮಟ್ಟಿಗೆ ಪುಣೆಯ ಡೆಕ್ಕನ್ ಜಿಮ್ಖಾನಾಕ್ಕೆ ಕರೆಸಿಕೊಂಡರು. ಆ ಆರು ತಿಂಗಳು ಜೀವಮಾನವಾಗಿ ಬೆಳೆಯಿತು.

ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಮೆಟ್ರಿಕ್ಯುಲೇಷನ್‌ನಲ್ಲಿ ಕೈಕೊಟ್ಟದ್ದೂ ಇಂಗ್ಲಿಷೇ. ಶಿಷ್ಯರೆಲ್ಲ ತಮಗಿಂತ ಹಿರಿಯರು, ಕಟ್ಟುಮಸ್ತಾದವರು. ಎಷ್ಟೋ ದಿನ ಹೊಟ್ಟೆಗೆ ಸರಿಯಾದ ಊಟವಿರಲಿಲ್ಲ. ಕೇಳಲು ಗುರುವೂ ಹತ್ತಿರವಿಲ್ಲದ ಆ ಒಂಟಿತನದಲ್ಲಿ ದಿನಕ್ಕೆ ಹಲವು ಗಂಟೆ ಅಭ್ಯಾಸ ನಡೆಯಿತು. ಯಾವ ಭಂಗಿಯಲ್ಲಿ ಯಾವ ಸ್ನಾಯು ಎಳೆಯುತ್ತದೆ, ಪಾದ ಒಂದಿಷ್ಟು ತಿರುಗಿದರೆ ಮಂಡಿಗೇನಾಗುತ್ತದೆ ಎಂಬುದನ್ನು ತಮ್ಮ ಮೈಯನ್ನೇ ಓದಿ ಅರಿತರು.

1943ರಲ್ಲಿ ರಮಾಮಣಿಯವರೊಡನೆ ವಿವಾಹವಾಯಿತು. ಆರು ಮಕ್ಕಳಾದರು. ಅವರಲ್ಲಿ ಗೀತಾ ಮತ್ತು ಪ್ರಶಾಂತ್ ತಂದೆಯ ವಿದ್ಯೆಯನ್ನು ಮುಂದುವರಿಸಿದರು.

ಪಿಟೀಲು ವಾದಕನ ನೋವು

1952ರಲ್ಲಿ ಭಾರತಕ್ಕೆ ಬಂದಿದ್ದ ವಿಶ್ವವಿಖ್ಯಾತ ಪಿಟೀಲು ವಾದಕ ಯೆಹೂದಿ ಮೆನುಹಿನ್ ಮುಂಬಯಿಯಲ್ಲಿ ಅಯ್ಯಂಗಾರ್ ಅವರನ್ನು ಭೇಟಿಯಾದರು. ಮೈನೋವು, ಬಳಲಿಕೆ, ನಿದ್ರಾಹೀನತೆ ಆತನನ್ನು ಹಣ್ಣುಮಾಡಿದ್ದವು. ಪುಣೆಯಿಂದ ಬಂದ ಯೋಗಶಿಕ್ಷಕರಿಗೆ ಮೊದಲು ಸಿಕ್ಕಿದ್ದು ಐದು ನಿಮಿಷದ ಅವಕಾಶ. ಆ ಭೇಟಿ ಗಂಟೆಗಟ್ಟಲೆ ಬೆಳೆಯಿತು. ಶವಾಸನದಲ್ಲಿ ಮೆನುಹಿನ್ ಗಾಢ ನಿದ್ರೆಗೆ ಜಾರಿದರು.

1954ರಲ್ಲಿ ಮೆನುಹಿನ್ ಅವರೇ ಅಯ್ಯಂಗಾರ್ ಅವರನ್ನು ಯುರೋಪಿಗೆ ಕರೆಸಿಕೊಂಡರು. ತಮಗೆ ದೊರೆತ ಅತ್ಯುತ್ತಮ ಪಿಟೀಲು ಗುರು ಇವರೇ ಎಂಬ ಅರ್ಥದ ಬರಹ ಕೆತ್ತಿಸಿ ಒಂದು ಗಡಿಯಾರವನ್ನೂ ಉಡುಗೊರೆಯಾಗಿತ್ತರು. ಎಂಬತ್ತು ದಾಟಿದ ಬೆಲ್ಜಿಯಂನ ರಾಣಿ ಎಲಿಜಬೆತ್ ಇವರಿಂದ ಶೀರ್ಷಾಸನ ಕಲಿತರು. ಜೆ. ಕೃಷ್ಣಮೂರ್ತಿ ವರ್ಷಾನುಗಟ್ಟಲೆ ಶಿಷ್ಯರಾಗಿದ್ದರು. ಮುಂದೆ ಸಚಿನ್ ತೆಂಡೂಲ್ಕರ್ ಕೂಡ ಮಾರ್ಗದರ್ಶನ ಪಡೆದರು.

1966ರಲ್ಲಿ ಹೊರಬಂದ ಲೈಟ್ ಆನ್ ಯೋಗ ಗ್ರಂಥಕ್ಕೆ ಮೆನುಹಿನ್ ಮುನ್ನುಡಿ ಬರೆದರು. ಇನ್ನೂರು ಆಸನಗಳು, ಸುಮಾರು ಆರುನೂರು ಚಿತ್ರಗಳು. ಕೊನೆಯಲ್ಲಿ ಯಾವ ತೊಂದರೆಗೆ ಯಾವ ಆಸನಗಳು ಎಂಬ ಪಟ್ಟಿಯೂ ಇದೆ. ಬೆನ್ನು, ಹೆಗಲು, ಮಂಡಿಗಳ ಸಂಧಿವಾತ ಅದರಲ್ಲಿ ಸೇರಿದೆ. ಇಂಗ್ಲಿಷಿನಲ್ಲಿ ನಪಾಸಾದ ಹುಡುಗನ ಇಂಗ್ಲಿಷ್ ಪುಸ್ತಕ ಹತ್ತಾರು ಭಾಷೆಗಳಿಗೆ ಹೋಯಿತು.

ಹಗ್ಗ, ಇಟ್ಟಿಗೆ, ಕುರ್ಚಿ

ಅಯ್ಯಂಗಾರರ ದೊಡ್ಡ ಕೊಡುಗೆ ಸಣ್ಣ ವಸ್ತುಗಳಲ್ಲಿದೆ. ಗೋಡೆಗೆ ಬಿಗಿದ ಹಗ್ಗ, ಮರದ ಇಟ್ಟಿಗೆ, ಪಟ್ಟಿ, ಮಡಿಸುವ ಕುರ್ಚಿ, ಲೋಡು, ಕಂಬಳಿ ಇವೇ ಅವರ ಉಪಕರಣಗಳು. ನೆಲ ಮುಟ್ಟದ ಕೈಗೆ ಇಟ್ಟಿಗೆ ಎತ್ತರ ಕೊಟ್ಟಿತು. ಬಾಗದ ಬೆನ್ನಿಗೆ ಕುರ್ಚಿ ಆಸರೆಯಾಯಿತು. ಮಡಚಲು ನೋಯುವ ಮಂಡಿಯ ಹಿಂದೆ ಸುತ್ತಿದ ಬಟ್ಟೆ ಇಟ್ಟರೆ ಕೀಲಿನೊಳಗೆ ಒಂದಿಷ್ಟು ಎಡೆ ದೊರೆಯಿತು. ವೃದ್ಧರಿಗೂ ರೋಗಿಗಳಿಗೂ ಆಸನ ಎಟುಕಿದ್ದು ಹೀಗೆ.

ಇದರ ಹಿಂದೆ ಸರಳವಾದ ಶರೀರವಿಜ್ಞಾನವಿದೆ. ಕೀಲಿನ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ, ಆ ದ್ರವ ಒಳಹೊಕ್ಕು ಹೊರಬರಲು ಚಲನೆ ಬೇಕು. ತೊಡೆಯ ಸ್ನಾಯು ಬಲವಾದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ನೋವೆಂದು ಕಾಲು ಚಾಚಿ ಕುಳಿತರೆ ಸ್ನಾಯು ಸೊರಗಿ ನೋವು ಇಮ್ಮಡಿಸುತ್ತದೆ.

ಅವರ ಪದ್ಧತಿ ಪರೀಕ್ಷೆಗೂ ಒಳಗಾಯಿತು. ಮಣಿಕಟ್ಟಿನ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ತೊಂದರೆಯಿದ್ದ 42 ಮಂದಿಯ ಮೇಲೆ ಎಂಟು ವಾರ ನಡೆದ ಅಧ್ಯಯನ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಗ ಮಾಡಿದವರಲ್ಲಿ ನೋವು ಇಳಿದು ಹಿಡಿತದ ಬಲ ಹೆಚ್ಚಿತ್ತು. ದೀರ್ಘಕಾಲದ ಬೆನ್ನುನೋವಿನ 90 ಮಂದಿಯ ಮೇಲೆ 24 ವಾರ ನಡೆದ ಇನ್ನೊಂದು ಅಧ್ಯಯನ 2009ರಲ್ಲಿ ಹೊರಬಂತು. ಅದೂ ನೋವು ತಗ್ಗಿದ್ದನ್ನು ಕಂಡಿತು. ಇವು ಚಿಕ್ಕ ಅಧ್ಯಯನಗಳು, ಎಲ್ಲ ನೋವಿಗೂ ಯೋಗವೇ ಮದ್ದೆಂದು ಇವುಗಳಿಂದ ಸಾಧಿತವಾಗದು.

ಅಯ್ಯಂಗಾರ್ ಸೌಮ್ಯ ಗುರುವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ತರಗತಿಯಲ್ಲಿ ಗುಡುಗುತ್ತಿದ್ದರು, ತಪ್ಪಿದ ಹೆಗಲಿಗೆ ಏಟೂ ಬೀಳುತ್ತಿತ್ತು. ಅವರ ಹೆಸರಿನ ಮೊದಲಕ್ಷರಗಳಿಗೆ ಹೊಡೆತ, ಒದೆತ, ಏಟು ಎಂಬ ಅರ್ಥ ಹಚ್ಚಿ ಶಿಷ್ಯರು ತಮಾಷೆ ಮಾಡುತ್ತಿದ್ದರು. ತಪ್ಪಾಗಿ ಮಾಡಿದ ಆಸನದಿಂದ ಕತ್ತಿಗೂ ಮಂಡಿಗೂ ಅಪಾಯವಿದೆ ಎಂಬ ಅರಿವಿನಿಂದಲೇ ಅವರು ಶಿಕ್ಷಕರಿಗೆ ವರ್ಷಗಳ ತರಬೇತಿಯನ್ನೂ ಪರೀಕ್ಷೆಯನ್ನೂ ಕಡ್ಡಾಯ ಮಾಡಿದರು.

ಅರವತ್ತರಲ್ಲಿ ಮತ್ತೆ ಮೊದಲಿನಿಂದ

1973ರಲ್ಲಿ ಪತ್ನಿ ರಮಾಮಣಿ ತೀರಿಕೊಂಡರು. ಅವರ ಹೆಸರಿನ ಯೋಗ ಸಂಸ್ಥೆ 1975ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಮಂಡಿ, ಬೆನ್ನು, ಹೆಗಲಿನ ನೋವಿನವರಿಗೆಂದೇ ಅಲ್ಲಿ ಪ್ರತ್ಯೇಕ ತರಗತಿಗಳು ನಡೆದವು.

ನಿಜವಾದ ಪರೀಕ್ಷೆ ಎದುರಾದದ್ದು 1979ರಲ್ಲಿ. ಷಷ್ಟ್ಯಬ್ದಿ ಮುಗಿದ ಹೊಸತರಲ್ಲಿ ಸ್ಕೂಟರ್ ಅಪಘಾತವಾಯಿತು. ಎಡ ಹೆಗಲು, ಬೆನ್ನುಹುರಿಯ ಭಾಗ, ಮಂಡಿಗಳಿಗೆ ಪೆಟ್ಟು. ಚೇತರಿಸಿಕೊಳ್ಳುವ ಮುನ್ನ, ಮೂರೇ ತಿಂಗಳಲ್ಲಿ ಎರಡನೆಯ ಅಪಘಾತ. ಈ ಬಾರಿ ಬಲ ಹೆಗಲಿನ ಸರದಿ. ಜಗತ್ತಿಗೆ ಆಸನ ಕಲಿಸಿದವರಿಗೆ ಸುಲಭದ ಆಸನಗಳೂ ಆಗದಾದವು.

ಅವರು ಹೊಸ ವಿದ್ಯಾರ್ಥಿಯಂತೆ ಮೊದಲ ಪಾಠದಿಂದ ಆರಂಭಿಸಿದರು. ಇತರರಿಗಾಗಿ ರೂಪಿಸಿದ ಹಗ್ಗ, ಇಟ್ಟಿಗೆಗಳು ಅವರಿಗೇ ಆಧಾರವಾದವು. ಹಳೆಯ ಸಾಮರ್ಥ್ಯದ ಬಹುಪಾಲು ಮರಳಲು ಸುಮಾರು ಹತ್ತು ವರ್ಷ ಹಿಡಿಯಿತು. ಪೂರ್ತಿ ಮರಳಿತೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ಅವರ ಬದುಕಿನ ಅತ್ಯಂತ ಪ್ರಾಮಾಣಿಕ ಅಧ್ಯಾಯ ಬಹುಶಃ ಇದೇ.

ಇಂದಿನ ಮಂಡಿಗೆ ಯಾವ ಮದ್ದು?

ಹತ್ತು ವರ್ಷ ಕಾಯುವ ಸಹನೆ ಈಗ ಯಾರಿಗಿದೆ? ಕಾಂಡಕೋಶ ಚಿಕಿತ್ಸೆಯ ಆಕರ್ಷಣೆ ಇರುವುದು ಇಲ್ಲೇ. ಅದರಲ್ಲಿ ಹುರುಳಿಲ್ಲವೆಂದಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ತಯಾರಿಸಿದ ಕೋಶಗಳ ಔಷಧಕ್ಕೆ 2022ರಲ್ಲಿ ಭಾರತದ ಔಷಧ ಮಹಾನಿಯಂತ್ರಕರ ಅನುಮತಿ ದೊರೆಯಿತು. ಎರಡನೆಯ ಮತ್ತು ಮೂರನೆಯ ಹಂತದ ಮಂಡಿಸವೆತಕ್ಕೆ ಮಾತ್ರ ಆ ಅನುಮತಿ. 146 ರೋಗಿಗಳ ಪ್ರಯೋಗದಲ್ಲಿ, ಹುಸಿ ಚುಚ್ಚುಮದ್ದು ಪಡೆದವರಿಗಿಂತ ಇದನ್ನು ಪಡೆದವರ ನೋವು ಹೆಚ್ಚು ತಗ್ಗಿತ್ತು.

ಇನ್ನೊಂದು ಮುಖವೂ ಇದೆ. ಅಮೆರಿಕದಲ್ಲಿ ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಮಾಮೂಲಿ ಸ್ಟೀರಾಯ್ಡ್ ಚುಚ್ಚುಮದ್ದಿನೊಡನೆ ಹೋಲಿಸಿದ ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲೆನಿಸಲಿಲ್ಲ. ಅನುಮತಿ ಇಲ್ಲದ ಕಾಂಡಕೋಶ ಚಿಕಿತ್ಸೆಯನ್ನು ಪ್ರಯೋಗದ ಚೌಕಟ್ಟಿನ ಹೊರಗೆ ರೋಗಿಗಳಿಗೆ ನೀಡಕೂಡದೆಂದು 2017ರ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಕೊಡುತ್ತಿರುವ ಔಷಧ ಯಾವುದು, ಯಾವ ಹಂತದ ಸವೆತಕ್ಕೆ ಅನುಮತಿಯಿದೆ ಎಂದು ಕೇಳುವುದು ರೋಗಿಯ ಹಕ್ಕು. ಚುಚ್ಚುಮದ್ದು ಪಡೆದವರಿಗೂ ವ್ಯಾಯಾಮ ತಪ್ಪುವುದಿಲ್ಲ.

ಕೊನೆಯ ಉಸಿರಿನವರೆಗೆ

ಪದ್ಮಶ್ರೀ 1991ರಲ್ಲಿ, ಪದ್ಮಭೂಷಣ 2002ರಲ್ಲಿ, ಪದ್ಮವಿಭೂಷಣ 2014ರಲ್ಲಿ ಅಯ್ಯಂಗಾರ್ ಅವರನ್ನು ಅರಸಿ ಬಂದವು. ಹುಟ್ಟೂರನ್ನು ಅವರು ಮರೆಯಲಿಲ್ಲ. ಬೆಳ್ಳೂರಿನಲ್ಲಿ ತಂದೆತಾಯಿಯರ ಹೆಸರಿನ ಟ್ರಸ್ಟ್ ಸ್ಥಾಪಿಸಿ ಶಾಲೆ, ಆಸ್ಪತ್ರೆ, ಪತಂಜಲಿಯ ಗುಡಿ ಕಟ್ಟಿಸಿದರು. ಕಾಯಿಲೆಯ ಮಗುವಾಗಿ ಬಿಟ್ಟುಹೋದ ಊರಿಗೆ ಆಸ್ಪತ್ರೆ ತಂದುಕೊಟ್ಟದ್ದು ಸಣ್ಣ ಋಣಸಂದಾಯವಲ್ಲ.

ತೊಂಬತ್ತು ದಾಟಿದ ಮೇಲೂ ನಿತ್ಯದ ಅಭ್ಯಾಸ ನಿಲ್ಲಲಿಲ್ಲ. 2014ರ ಆಗಸ್ಟ್ 20ರಂದು ಪುಣೆಯಲ್ಲಿ ನಿಧನರಾದಾಗ ಅವರಿಗೆ 95 ವರ್ಷ. ಉಳಿಯಲಾರದೆಂದು ಊರೇ ಕೈಬಿಟ್ಟಿದ್ದ ಕೂಸು ಅಷ್ಟು ಕಾಲ ಬಾಳಿತ್ತು.

ಚಿಕಿತ್ಸೆಗಳು ಬರುತ್ತವೆ, ಸುಧಾರಿಸುತ್ತವೆ. ನಾಳೆ ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಮದ್ದೂ ಸಿಕ್ಕೀತು. ಅಲ್ಲಿಯವರೆಗೂ, ಅದರ ಬಳಿಕವೂ, ಮಂಡಿಯನ್ನು ಮಡಚಿ ನೀಡುವ ದಿನದ ಕೆಲಸ ಆ ಮಂಡಿಯ ಒಡೆಯನದೇ. ಎರಡು ಅಪಘಾತಗಳ ಬಳಿಕ ಮೊದಲ ಪಾಠಕ್ಕೆ ಮರಳಿದ ಅರವತ್ತರ ಗುರು ತೋರಿಸಿಕೊಟ್ಟದ್ದು ಇದನ್ನೇ.