ಯಾರ್ಕ್‌ಟೌನಿನಲ್ಲಿ ಸೋತವನು ಬೆಂಗಳೂರಿಗೆ ಬಂದ



ರಾಜಾಜಿನಗರದಿಂದಲೋ ವಿಜಯನಗರದಿಂದಲೋ ಬಸ್ಸು ಹತ್ತಿ ಕೃಷ್ಣರಾಜ ಮಾರುಕಟ್ಟೆಗೆ ಹೋಗುವ ನೀವು ಅಲ್ಲಿನ ಹಳೆಯ ಕೋಟೆಯನ್ನು ನೋಡಿರುತ್ತೀರಿ. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗವನ್ನು ತೋರಿಸುವ ಕಲ್ಲೊಂದು ಅಲ್ಲಿದೆ. ಆ ಸೈನ್ಯದ ಒಡೆಯ ಲಾರ್ಡ್ ಕಾರ್ನ್‌ವಾಲಿಸ್. ಅದಕ್ಕೆ ಒಂಬತ್ತೂವರೆ ವರ್ಷ ಮೊದಲು ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ನನಿಗೆ ಶರಣಾದವನೂ ಈತನೇ. ಶಾಲೆಯಲ್ಲಿ ಅಮೆರಿಕದ ಸ್ವಾತಂತ್ರ್ಯ ಒಂದು ಪಾಠ, ಮೈಸೂರು ಯುದ್ಧ ಇನ್ನೊಂದು ಪಾಠ. ಎರಡರಲ್ಲೂ ಬರುವ ಮನುಷ್ಯ ಒಬ್ಬನೇ ಎಂದು ನಮಗೆ ಯಾರೂ ಹೇಳಿಕೊಡಲಿಲ್ಲ.

ಈತ ಹುಟ್ಟಿದ್ದು 1738ರಲ್ಲಿ, ಲಂಡನ್ನಿನಲ್ಲಿ, ಶ್ರೀಮಂತ ಮನೆತನದಲ್ಲಿ. ಆಶ್ಚರ್ಯವೆಂದರೆ, ಅಮೆರಿಕದ ಜನರ ಮೇಲೆ ಯಾವ ಕಾನೂನನ್ನಾದರೂ ಹೇರುವ ಅಧಿಕಾರ ತನಗಿದೆ ಎಂದು ಬ್ರಿಟಿಷ್ ಸಂಸತ್ತು 1766ರಲ್ಲಿ ಘೋಷಿಸಿದಾಗ, ಮೇಲ್ಮನೆಯಲ್ಲಿ ಅದರ ವಿರುದ್ಧ ಮತ ಹಾಕಿದವರು ಐವರೇ. ಅವರಲ್ಲಿ ಕಾರ್ನ್‌ವಾಲಿಸ್ ಒಬ್ಬ. ಹತ್ತು ವರ್ಷದ ನಂತರ ಅದೇ ಅಮೆರಿಕದವರನ್ನು ಬಗ್ಗುಬಡಿಯಲು ಹಡಗು ಹತ್ತಿದವನೂ ಅವನೇ. ಮನಸ್ಸಾಕ್ಷಿ ಒಂದು ಕಡೆ, ಅರಸನ ಆಜ್ಞೆ ಇನ್ನೊಂದು ಕಡೆ. ಸೈನಿಕನಾದವನು ಆಜ್ಞೆಯನ್ನು ಆರಿಸಿಕೊಂಡ.

ಹೆಂಡತಿ ಜೆಮೈಮಾಳಿಗೆ ಇದು ಇಷ್ಟವಿರಲಿಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಾಗಿದ್ದ ಗಂಡನ ಚಿಕ್ಕಪ್ಪನ ಮೂಲಕ ಅವಳು ಅರಸನವರೆಗೂ ಮೊರೆಯಿಟ್ಟಳು. ಹೋಗದೆ ಉಳಿಯಲು ಅರಸನ ಒಪ್ಪಿಗೆಯೂ ಸಿಕ್ಕಿತು. ಆದರೂ ಗಂಡ ಹೊರಟ. ಎರಡು ಮಕ್ಕಳನ್ನು ಇಟ್ಟುಕೊಂಡು ಕಾಯುತ್ತಿದ್ದ ಆಕೆ ಕಾಯಿಲೆ ಬಿದ್ದಳು. ಸುದ್ದಿ ತಿಳಿದು ಅವನು ಓಡಿ ಬಂದ. 1779ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು. ಮನೆಯಲ್ಲಿ ಇರಲಾರದೆ ಅವನು ಮತ್ತೆ ಅಮೆರಿಕದ ಯುದ್ಧಕ್ಕೇ ಮರಳಿದ. ದುಃಖವನ್ನು ಕೆಲಸದಲ್ಲಿ ಹೂತುಹಾಕುವ ಗಂಡಸರು ನಮ್ಮ ಧರ್ಮಕೇಂದ್ರಗಳಲ್ಲೂ ಇಲ್ಲವೆ?

1781ರ ಶರತ್ಕಾಲದಲ್ಲಿ ವರ್ಜೀನಿಯದ ಯಾರ್ಕ್‌ಟೌನಿನಲ್ಲಿ ಅವನು ಸಿಕ್ಕಿಬಿದ್ದ. ಸಮುದ್ರದ ಕಡೆ ಫ್ರೆಂಚರ ಹಡಗುಗಳು, ನೆಲದ ಕಡೆ ವಾಷಿಂಗ್ಟನ್ನನ ಫಿರಂಗಿಗಳು. ಬ್ರಿಟಿಷರನ್ನು ಸೇರಿದರೆ ಬಿಡುಗಡೆ ಸಿಕ್ಕೀತೆಂದು ನಂಬಿ ಓಡಿಬಂದಿದ್ದ ಕಪ್ಪು ಗುಲಾಮರು ಅವನ ಪಾಳೆಯದಲ್ಲಿ ಬಹಳ ಮಂದಿ ಇದ್ದರು. ಆಹಾರ ಮುಗಿಯುತ್ತಾ ಬಂದು ಸಿಡುಬು ಹರಡಿದಾಗ ಅವರನ್ನು ಹೊರಗೆ ಅಟ್ಟಲಾಯಿತು. ಎಷ್ಟೋ ಜನ ಕಾಡಿನಲ್ಲಿ ಸತ್ತರು. ಅಮೆರಿಕದ ಬಿಡುಗಡೆಯ ಕಥೆ ಹೇಳುವವರು ಇವರನ್ನು ನೆನೆಯುವುದು ಕಡಿಮೆ. ಅಕ್ಟೋಬರ್ 19ರಂದು ಸೈನ್ಯ ಶರಣಾಯಿತು. ಕಾರ್ನ್‌ವಾಲಿಸ್ ಮೈ ಸರಿಯಿಲ್ಲವೆಂದು ಹೇಳಿ, ಕತ್ತಿ ಒಪ್ಪಿಸಲು ತನ್ನ ಕೈಕೆಳಗಿನವನನ್ನು ಕಳುಹಿಸಿದ.

ಹೀಗೆ ಸೋತವನನ್ನು 1786ರಲ್ಲಿ ಭಾರತದ ಗವರ್ನರ್ ಜನರಲ್ ಮಾಡಿದರು. ಬೆಂಗಳೂರಿನಲ್ಲಿ ಮಾರ್ಚ್ 7ರಂದು ಪೇಟೆ ಸೂರೆಯಾಯಿತು. ಎರಡು ವಾರದ ನಂತರ ರಾತ್ರಿ ಕೋಟೆ ಬಿತ್ತು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಮಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟಾಗ, ಚನ್ನಪಟ್ಟಣದ ದಾರಿಯಲ್ಲಿ ಮೇವು ಸಿಗದಂತೆ ಟಿಪ್ಪು ಮಾಡಿದ್ದರಿಂದ, ಕಾರ್ನ್‌ವಾಲಿಸ್ ಕನಕಪುರದ ಕಡೆಯಿಂದ ಸುತ್ತಿ ಹೋಗಬೇಕಾಯಿತು. ಎತ್ತುಗಳು ಸತ್ತವು. ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ಮರುವರ್ಷ ಗೆದ್ದ. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಜೊತೆಗೆ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಪುಟ್ಟ ಗಂಡುಮಕ್ಕಳು. ಅವನು ಅವರನ್ನು ಪ್ರೀತಿಯಿಂದ ಬರಮಾಡಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ತಾಯಿಯಿಲ್ಲದ ಎರಡು ಮಕ್ಕಳ ತಂದೆ ಅವನು. ಆದರೆ ಆ ಹುಡುಗರು ಮನೆಗೆ ಮರಳಿದ್ದು 1794ರಲ್ಲಿ. ಅಷ್ಟು ದಿನ ಶ್ರೀರಂಗಪಟ್ಟಣದ ಅರಮನೆಯ ಹೆಂಗಸರ ಪಾಡೇನು, ನೀವೇ ಯೋಚಿಸಿ.

ನಮಗೆ, ಕಥೋಲಿಕರಿಗೆ, ಅವನ ಬಾಳಿನ ಇನ್ನೊಂದು ತಿರುವು ಮುಖ್ಯ. 1798ರಲ್ಲಿ ದಂಗೆಯೆದ್ದ ಐರ್ಲೆಂಡಿಗೆ ಅವನನ್ನು ಅಧಿಪತಿಯಾಗಿ ಕಳುಹಿಸಿದರು. ದಂಗೆಯನ್ನು ಅಡಗಿಸಿದನಾದರೂ, ಬಡ ಕಥೋಲಿಕರ ಮೇಲೆ ಸೇಡು ತೀರಿಸಿಕೊಳ್ಳಲು ಹಾತೊರೆಯುತ್ತಿದ್ದ ಅಲ್ಲಿನ ಜಮೀನುದಾರರನ್ನು ತಡೆದ. ಬಹಳ ಮಂದಿಗೆ ಕ್ಷಮೆ ಕೊಡಿಸಿದ. ಐರ್ಲೆಂಡ್ ಬ್ರಿಟನ್ನಿನೊಡನೆ ಒಂದಾದರೆ ಕಥೋಲಿಕರಿಗೂ ಸಂಸತ್ತಿನಲ್ಲಿ ಕೂರುವ ಹಕ್ಕು ಬರುತ್ತದೆಂಬ ಭರವಸೆ ಹುಟ್ಟಿತ್ತು. ಆಂಗ್ಲಿಕನ್ ಮನೆತನದ ಈ ಮನುಷ್ಯ ಆ ಹಕ್ಕು ನ್ಯಾಯವೆಂದೇ ನಂಬಿದ್ದ. ಅರಸ ಮೂರನೆಯ ಜಾರ್ಜ್ ತನ್ನ ಪಟ್ಟಾಭಿಷೇಕದ ಪ್ರಮಾಣವನ್ನು ಮುಂದೊಡ್ಡಿ ನಿರಾಕರಿಸಿದ. ಅಮೆರಿಕಕ್ಕೆ ಹೋಗೆಂದಾಗ ತಲೆಬಾಗಿದ್ದ ಕಾರ್ನ್‌ವಾಲಿಸ್ ಈ ಸಲ 1801ರಲ್ಲಿ ರಾಜೀನಾಮೆ ಕೊಟ್ಟ. ಆಗ ಅವನಿಗೆ ಅರವತ್ತೆರಡು ವಯಸ್ಸು. ಆ ಹಕ್ಕು ಕಥೋಲಿಕರಿಗೆ ದೊರೆತದ್ದು 1829ರಲ್ಲಿ. ಅದನ್ನು ನೋಡಲು ಅವನಿರಲಿಲ್ಲ. ಎರಡನೆಯ ಬಾರಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, ಕೆಲವೇ ತಿಂಗಳಲ್ಲಿ, 1805ರ ಅಕ್ಟೋಬರ್ 5ರಂದು ಘಾಜೀಪುರದಲ್ಲಿ ತೀರಿಕೊಂಡ. ಗಂಗಾನದಿಯ ಹತ್ತಿರ ಅವನ ಸಮಾಧಿ ಇದೆ. ಜೆಮೈಮಾಳ ಸಮಾಧಿ ಇಂಗ್ಲೆಂಡಿನಲ್ಲಿ.